ತೆನೆಹಬ್ಬ ಮತ್ತು ಕಥೋಲಿಕ ಅಸ್ಮಿತೆ

ಕಥೋಲಿಕ ಅಸ್ಮಿತೆ ಎಂದರೇನು ಎಂದು ಕೇಳುವ ವಾರಾಂತ್ಯದ ಗೋಷ್ಠಿಗಳು ಪೋಪರ ಅಧಿಕಾರ, ಏಳು ಸಂಸ್ಕಾರಗಳು ಮತ್ತು ವಿಶ್ವಾಸಸೂತ್ರದ ಚರ್ಚೆಯಲ್ಲೇ ಮುಗಿದುಬಿಡುವುದುಂಟು. ಆದರೆ 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ, ಅಂದರೆ ಜಗತ್ತಿನ ಬಿಷಪರೆಲ್ಲ ಸೇರಿದ ಸಮಾಲೋಚನಾ ಸಭೆ, ಧರ್ಮಸಭೆಯನ್ನು 'ದೇವಪ್ರಜೆ' ಎಂದು ವಿವರಿಸಿ, ಆರಾಧನೆಯಲ್ಲಿ ಜನಭಾಷೆಗಳಿಗೂ ಎಡೆಗೊಟ್ಟ ಮೇಲೆ, ಉತ್ತರವನ್ನು ಊರಿನ ಬದುಕಿನಲ್ಲೂ ಹುಡುಕಬೇಕಾಯಿತು. ಕರಾವಳಿಯ ಕೊಂಕಣಿ ಕಥೋಲಿಕರು ಒಂಬತ್ತು ದಿನಗಳ ಪ್ರಾರ್ಥನೆಯಾದ ನವೇನದಲ್ಲಿ ಮಕ್ಕಳ ಕೈಯಿಂದ ಬಾಲೆ ಮರಿಯಳ ಪ್ರತಿಮೆಗೆ ಹೂ ಅರ್ಪಿಸಿ, ಆಕೆಯ ಜನ್ಮದಿನವಾದ ಸೆಪ್ಟೆಂಬರ್ 8ರಂದು ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೊಯ್ದು, ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ ಹಂಚಿಕೊಂಡು, ಅಂದು ಸಸ್ಯಾಹಾರದ ಊಟವನ್ನೇ ಮಾಡುತ್ತಾರೆ. ಮೀನಿಲ್ಲದ ಹಬ್ಬದೂಟ ಕರಾವಳಿಯಲ್ಲಿ ಸಣ್ಣ ಸಂಗತಿಯಲ್ಲ. ಈ ತೆನೆಹಬ್ಬವನ್ನು ಬರಿಯ ಜಾನಪದವೆಂದು ಬದಿಗಿಡುವ ಗೋಷ್ಠಿಯು ಅಸ್ಮಿತೆಯ ಅರ್ಧಭಾಗವನ್ನಷ್ಟೇ ಚರ್ಚಿಸಿದಂತಾಗುತ್ತದೆ.