ಕ್ರಿಸ್‌ಮಸ್ ದೀಪ: ಯಾವುದು, ಎಲ್ಲಿ, ಎಷ್ಟು?

(ಉಪನ್ಯಾಸದ ಪಠ್ಯ)

ಡಿಸೆಂಬರ್ ತಿಂಗಳು ಕಾಲಿಟ್ಟಿತೆಂದರೆ ಚಾಮರಾಜನಗರದ ಅಂಗಡಿ ಬೀದಿಗಳಲ್ಲೂ ಗುಂಡ್ಲುಪೇಟೆಯ ಹೆದ್ದಾರಿ ಬದಿಯಲ್ಲೂ ಕಾಗದದ ನಕ್ಷತ್ರಗಳು ತೂಗಾಡತೊಡಗುತ್ತವೆ. ಪಕ್ಕದಲ್ಲೇ ಬಣ್ಣಬಣ್ಣದ ಬಲ್ಬಿನ ಸರಗಳ ರಾಶಿ. ಕೊಳ್ಳಲು ಬಂದವರು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಸರ ಎಷ್ಟು ಉದ್ದವಿದೆ, ಬೆಲೆ ಎಷ್ಟು? ಕೇಳಬೇಕಾದ ಪ್ರಶ್ನೆಗಳು ಇನ್ನೂ ಕೆಲವಿವೆ. ಅವುಗಳಲ್ಲಿ ಒಂದು ಮನೆಯವರ ಜೀವಕ್ಕೆ ಸಂಬಂಧಿಸಿದ್ದು, ಇನ್ನೊಂದು ಊರಾಚೆಯ ಕಾಡಿಗೆ ಸಂಬಂಧಿಸಿದ್ದು.

ಈ ಸೀಮೆಗೆ ದೀಪದ ಹಬ್ಬ ಹೊಸದಲ್ಲ. ದೀಪಾವಳಿಗೆ ಮಲೆ ಮಹದೇಶ್ವರ ಬೆಟ್ಟದಲ್ಲಿ ಜಾತ್ರೆ. ಕಾರ್ತಿಕ ಮಾಸದ ಕಡೆಯ ಸೋಮವಾರ ಅಲ್ಲಿನ ದೀಪದಗಿರಿ ಒಡ್ಡಿನಲ್ಲಿ ಮಹಾಜ್ಯೋತಿ ಬೆಳಗುತ್ತದೆ. ಕಾರ್ತಿಕದ ಹಣತೆಗಳು ಆರುವ ಹೊತ್ತಿಗೆ ಕ್ರೈಸ್ತರ ಆಗಮನ ಕಾಲ, ಎಂದರೆ ಕ್ರಿಸ್ತ ಜಯಂತಿಗೆ ಸಿದ್ಧವಾಗುವ ನಾಲ್ಕು ವಾರಗಳು, ಹತ್ತಿರವಾಗಿರುತ್ತವೆ. ಒಂದು ಹಬ್ಬದ ಬೆಳಕನ್ನು ಇನ್ನೊಂದು ಹಬ್ಬ ಕೈಯಿಂದ ಕೈಗೆ ಪಡೆದುಕೊಂಡಂತೆ ಕಾಣುತ್ತದೆ.

ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಜಿಲ್ಲೆಯ ಪೂರ್ವ ಭಾಗವಾದ ಕೊಳ್ಳೇಗಾಲ ಸೀಮೆ 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹನೂರು ತಾಲ್ಲೂಕಿನ ಮಾರ್ಟಳ್ಳಿಯಂಥ ಊರುಗಳಲ್ಲಿ ತಮಿಳು ಮಾತಾಡುವ ಕ್ಯಾಥೊಲಿಕ್ ಕುಟುಂಬಗಳು ಹೆಚ್ಚಾಗಿರುವುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಗುಂಡ್ಲುಪೇಟೆಯ ಕಥೆ ಬೇರೆ. ಅಲ್ಲಿಂದ ಒಂದು ದಾರಿ ವಯನಾಡಿಗೆ, ಇನ್ನೊಂದು ಊಟಿಗೆ ಹೋಗುತ್ತದೆ. ಮೂರು ರಾಜ್ಯಗಳ ಜನ ಓಡಾಡುವ ಊರಿನಲ್ಲಿ ಮೂರು ರಾಜ್ಯಗಳ ಹಬ್ಬದ ಸಾಮಾನೂ ಸಿಗುತ್ತದೆ.

ಇಲ್ಲಿಯ ಮನೆಗಳಲ್ಲಿ ಕ್ರಿಸ್‌ಮಸ್ ಅಲಂಕಾರಕ್ಕೆ ಮೂರು ಅಂಗಗಳು: ಬಾಗಿಲ ಮುಂದಿನ ನಕ್ಷತ್ರ, ಒಳಗಿನ ಗೋದಲಿ, ಅದರ ಪಕ್ಕದ ಮರ. ನಕ್ಷತ್ರವು ಬೆತ್ಲೆಹೇಮಿಗೆ ಜ್ಞಾನಿಗಳಿಗೆ ದಾರಿ ತೋರಿದ ತಾರೆಯ ಗುರುತು. ಬಿದಿರಿನ ಕಡ್ಡಿ ಸೀಳಿ ಐದು ಮೊನೆ ಕಟ್ಟಿ, ಬಣ್ಣದ ಕಾಗದ ಅಂಟಿಸಿ, ಒಳಗೆ ದೀಪವಿಡುವ ಕ್ರಮ ದೀಪಾವಳಿಯ ಆಕಾಶಬುಟ್ಟಿಗೆ ತೀರ ಹತ್ತಿರದ್ದು. ಯುರೋಪಿನಲ್ಲೂ ಇದಕ್ಕೊಂದು ಸೋದರ ಸಂಪ್ರದಾಯವಿದೆ. 1830ರ ದಶಕದಲ್ಲಿ ಜರ್ಮನಿಯ ನೀಸ್ಕಿ ಎಂಬ ಊರಿನಲ್ಲಿ ಮೊರೇವಿಯನ್ ಪಂಗಡದವರ ಶಾಲೆಯೊಂದಿತ್ತು. ಅಲ್ಲಿ ರೇಖಾಗಣಿತದ ಪಾಠವಾಗಿ ಮಕ್ಕಳಿಂದ ಹಲವು ಮೊನೆಗಳ ಕಾಗದದ ನಕ್ಷತ್ರ ಮಾಡಿಸಿದರು. ಕ್ರಮೇಣ ಅದು ಆ ಪಂಗಡದ ಕ್ರಿಸ್‌ಮಸ್ ಗುರುತೇ ಆಯಿತು.

ಮರದ ಮೇಲೆ ವಿದ್ಯುತ್ ದೀಪ ಹತ್ತಿದ್ದು 1882ರ ಡಿಸೆಂಬರಿನಲ್ಲಿ. ಎಡಿಸನ್ನನ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ ನ್ಯೂಯಾರ್ಕಿನ ತನ್ನ ಮನೆಯ ಮರಕ್ಕೆ ಕೆಂಪು, ಬಿಳಿ, ನೀಲಿ ಬಣ್ಣದ 80 ಬಲ್ಬುಗಳನ್ನು ಕೈಯಿಂದಲೇ ಜೋಡಿಸಿ ಬೆಳಗಿಸಿದ. ಅದಕ್ಕೆ ಮುಂಚೆ ಒಣ ಕೊಂಬೆಯ ಮೇಲೆ ಮೇಣದ ಬತ್ತಿ ಹಚ್ಚುತ್ತಿದ್ದರು; ಬೆಂಕಿ ಹತ್ತಿದರೆ ಆರಿಸಲು ಪಕ್ಕದಲ್ಲಿ ಬಕೆಟ್ ನೀರು ಇಟ್ಟುಕೊಳ್ಳುವುದೂ ಇತ್ತು. ಇಪ್ಪತ್ತು ವರ್ಷಗಳ ಬಳಿಕ, 1902ರಲ್ಲಿ, ಶಿವನಸಮುದ್ರದ ಜಲವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಆ ಜಲಪಾತದ ಭರಚುಕ್ಕಿ ಇರುವುದು ಇಂದಿನ ಚಾಮರಾಜನಗರ ಜಿಲ್ಲೆಯಲ್ಲೇ. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು, 1908ರಲ್ಲಿ ಮೈಸೂರಿಗೆ ವಿದ್ಯುತ್ ಬಂತು. ಸುಮಾರು ಒಂದು ಲಕ್ಷ ಬಲ್ಬುಗಳ ಮೈಸೂರು ಅರಮನೆಯನ್ನು ಕಂಡ ಈ ಭಾಗದ ಜನರಿಗೆ ಹಬ್ಬವೆಂದರೆ ಸಾಲು ದೀಪ ಎಂಬ ಭಾವನೆ ಗಟ್ಟಿಯಾದದ್ದು ಸಹಜವೇ.

ಈಗ ದೀಪದ ಸರದ ಒಳಗುಟ್ಟಿಗೆ ಬರಬಹುದು. ಹಳೆಯ ‘ಸೀರಿಯಲ್ ಸೆಟ್’ ಹಲವರ ಅಟ್ಟದ ಮೇಲೆ ಇಂದಿಗೂ ಇರಬಹುದು. ಮನೆಯ ಕರೆಂಟು 230 ವೋಲ್ಟ್. ಸರದ ಪುಟ್ಟ ಬಲ್ಬು ತಡೆಯಬಲ್ಲದ್ದು ಸುಮಾರು 6 ವೋಲ್ಟ್. ಆದ್ದರಿಂದ ನಲವತ್ತರಷ್ಟು ಬಲ್ಬುಗಳನ್ನು ಒಂದರ ಹಿಂದೊಂದು ಪೋಣಿಸಿ ವೋಲ್ಟೇಜನ್ನು ಹಂಚುತ್ತಾರೆ. ಒಂದರ ತಂತಿ ಕಡಿದರೆ ಸರವೆಲ್ಲ ಕತ್ತಲು. ಆಗ ಮನೆಯವರು ಒಂದೊಂದೇ ಬಲ್ಬನ್ನು ಕಿತ್ತು ಪರೀಕ್ಷಿಸಲು ಕೂರುತ್ತಾರೆ. ಅಪಾಯವಿರುವುದು ಇಲ್ಲೇ. ಬಲ್ಬು ಕಿತ್ತ ಜಾಗದ ಎರಡು ತುದಿಗಳ ನಡುವೆ ಆಗ ಇರುವುದು 6 ವೋಲ್ಟ್ ಅಲ್ಲ, ಪೂರಾ 230 ವೋಲ್ಟ್. ಪ್ಲಗ್ ಕಿತ್ತ ಮೇಲೆಯೇ ಸರಕ್ಕೆ ಕೈ ಹಾಕಬೇಕೆಂಬ ಹಿರಿಯರ ಗದರಿಕೆಗೆ ಇಂಥ ಗಟ್ಟಿ ಕಾರಣವಿದೆ.

ನಕ್ಷತ್ರದೊಳಗೆ ಹಾಕುತ್ತಿದ್ದ ‘ಜೀರೋ ಬಲ್ಬ್’ ಕೂಡ ಹೆಸರಿಗಷ್ಟೇ ಸೊನ್ನೆ. ಅದು ಸುಮಾರು 15 ವ್ಯಾಟ್ ಕರೆಂಟು ಉಣ್ಣುತ್ತಿತ್ತು. ಅದರಲ್ಲಿ ಬಹುಪಾಲು ಬೆಳಕಾಗದೆ ಶಾಖವಾಗುತ್ತಿತ್ತು. ಗಾಳಿಗೆ ನಕ್ಷತ್ರ ವಾಲಿ ಬಿಸಿ ಗಾಜಿಗೆ ಕಾಗದ ತಗುಲಿದರೆ ಮೊದಲು ಕಂದು ಕಲೆ, ಆಮೇಲೆ ಹೊಗೆ. ಈ ಭಾಗದಲ್ಲಿ ಕ್ರಿಸ್‌ಮಸ್ ಮರವೆಂದರೆ ಬಹುತೇಕ ಸರ್ವೆ ಮರದ ಕೊಂಬೆ. ಕಡಿದ ಕೆಲವೇ ದಿನಗಳಲ್ಲಿ ಒಣಗುವ ಅದರ ಎಳೆಗಳು ಕಿಡಿಗಾಗಿ ಕಾದಂತಿರುತ್ತವೆ. ಗೋದಲಿಗೆ ಹಾಸುವ ಹುಲ್ಲಿನ ಮಾತಂತೂ ಹೇಳಬೇಕಾಗಿಲ್ಲ.

ಈ ತೊಂದರೆಯನ್ನು ಬಹುಮಟ್ಟಿಗೆ ನೀಗಿಸಿದ್ದು ಎಲ್‌ಇಡಿ. ಕೆಂಪು ಮತ್ತು ಹಸಿರು ಎಲ್‌ಇಡಿಗಳು ಹಿಂದೆಯೇ ಇದ್ದವು. ಪ್ರಖರವಾದ ನೀಲಿ ಮಾತ್ರ ಕೈಗೆ ಸಿಕ್ಕಿರಲಿಲ್ಲ, ನೀಲಿಯಿಲ್ಲದೆ ಬಿಳಿ ಬೆಳಕೂ ಇಲ್ಲ. 1990ರ ದಶಕದ ಆರಂಭದಲ್ಲಿ ಅದು ಸಾಧ್ಯವಾಯಿತು. ಅದಕ್ಕಾಗಿ ದುಡಿದ ಅಕಾಸಾಕಿ, ಅಮಾನೊ, ನಕಾಮುರ ಎಂಬ ಮೂವರು ವಿಜ್ಞಾನಿಗಳಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂತು. ನೂರು ಹಳೆಯ ಪುಟ್ಟ ಬಲ್ಬುಗಳ ಸರ 40 ವ್ಯಾಟ್‌ನಷ್ಟು ಬೇಡಿದರೆ ನೂರು ಎಲ್‌ಇಡಿಗಳ ಸರಕ್ಕೆ 6 ವ್ಯಾಟ್ ಸಾಕಾಗಬಹುದು. ದಿನಕ್ಕೆ ನಾಲ್ಕು ಗಂಟೆಯಂತೆ 25 ದಿನ ಉರಿಸಿದರೆ ಹಳೆಯದಕ್ಕೆ 4 ಯೂನಿಟ್, ಹೊಸದಕ್ಕೆ ಮುಕ್ಕಾಲು ಯೂನಿಟ್ಟಿಗಿಂತ ಕಡಿಮೆ. ಒಂದು ಸರಕ್ಕೆ ಇದು ಅಲ್ಪವೆನಿಸಬಹುದು. ಆದರೆ ಹತ್ತು ಸರ ತೂಗುಹಾಕುವ ಮನೆಯಲ್ಲಿ ಈ ಅಂತರ ಮೀಟರಿನಲ್ಲೇ ಕಾಣುತ್ತದೆ.

ಹಾಗೆಂದು ಎಲ್‌ಇಡಿ ಎಂದ ಮಾತ್ರಕ್ಕೆ ನಿಶ್ಚಿಂತೆಯಿಲ್ಲ. ಕಡಿಮೆ ವ್ಯಾಟ್ ಎಂದರೆ ಕಡಿಮೆ ವೋಲ್ಟ್ ಎಂದಲ್ಲ. ಅಗ್ಗದ ಹಲವು ಸರಗಳು ನೇರವಾಗಿ 230 ವೋಲ್ಟಿಗೇ ಸೇರುತ್ತವೆ. ಕೂದಲೆಳೆಯಂಥ ಅವುಗಳ ತಂತಿಯ ಹೊದಿಕೆಯನ್ನು ಇಲಿ ಕಡಿದರೆ, ಮೊಳೆ ಚುಚ್ಚಿದರೆ ಮುಟ್ಟಿದವರಿಗೆ ಆಘಾತ ತಪ್ಪದು. ಆದ್ದರಿಂದ ಅಂಗಡಿಯಲ್ಲಿ ಮೊದಲು ನೋಡಬೇಕಾದದ್ದು ಪ್ಲಗ್ಗಿನ ಕಡೆ. ಅಲ್ಲಿ 12 ಅಥವಾ 24 ವೋಲ್ಟಿಗೆ ಇಳಿಸುವ ಅಡಾಪ್ಟರ್ ಇದ್ದರೆ ಮಕ್ಕಳಿರುವ ಮನೆಗೆ, ತೋಟಕ್ಕೆ ಅದೇ ಲೇಸು. ಎರಡನೆಯದಾಗಿ, ಪೆಟ್ಟಿಗೆಯ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತಿದೆಯೇ ಎಂದು ನೋಡಬೇಕು.

ಮೂರನೆಯದು ‘ಐಪಿ’ ಎಂಬ ಎರಡಕ್ಷರ ಮತ್ತು ಅದರ ಮುಂದಿನ ಎರಡು ಅಂಕಿ. ಮೊದಲ ಅಂಕಿ ದೂಳಿನಿಂದ, ಎರಡನೆಯದು ನೀರಿನಿಂದ ಎಷ್ಟು ರಕ್ಷಣೆ ಎಂಬುದನ್ನು ಹೇಳುತ್ತದೆ. 20 ಎಂದಿದ್ದರೆ ಅದು ಕೋಣೆಯೊಳಗಿನ ಮರಕ್ಕೆ ಮಾತ್ರ. 44 ಎಂದಿದ್ದರೆ ಎರಚಲು ತಡೆಯುತ್ತದೆ, ಜಗಲಿಗೆ ಸರಿ. ಬಯಲಿನ ಗಿಡಕ್ಕೆ 65 ಬೇಕು. ಡಿಸೆಂಬರಿನಲ್ಲಿ ಮಳೆ ಎಲ್ಲಿಂದ ಬರಬೇಕು ಎನ್ನಬಾರದು. ಹಿಂಗಾರು ಇನ್ನೂ ಹಿಂದೆ ಸರಿಯದ ವರ್ಷಗಳಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಚಾಮರಾಜನಗರದ ಅಂಗಳವನ್ನೂ ತೋಯಿಸುತ್ತದೆ. ಮಳೆಯಿಲ್ಲದಿದ್ದರೆ ಇಬ್ಬನಿಯಂತೂ ಇದ್ದೇ ಇದೆ. ಹೊರಗಿನ ತಂತಿಯ ಜೋಡಣೆ ನೆಲಕ್ಕೆ ತಾಗದಂತಿರಬೇಕು. ಮನೆಯ ಫಲಕದಲ್ಲಿ 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟು ಕಡಿಯುವ ಆರ್‌ಸಿಸಿಬಿ ಇದ್ದರೆ ಜೀವಕ್ಕೆ ಅದೊಂದು ಕಾವಲು.

ಇನ್ನು ಬಣ್ಣದ ಆಯ್ಕೆ. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಮೇಣದ ಬತ್ತಿಯದು ಸುಮಾರು 1900, ‘ವಾರ್ಮ್ ವೈಟ್’ ಎಂದು ಬರೆದ ಎಲ್‌ಇಡಿಯದು 2700ರಿಂದ 3000, ಕಣ್ಣು ಕುಕ್ಕುವ ತಣ್ಣನೆಯ ಬಿಳಿಯದು 6000ಕ್ಕೂ ಮೇಲೆ. ಅಂಕಿ ಇಳಿದಷ್ಟೂ ಬೆಳಕು ಹಣತೆಗೆ ಹತ್ತಿರ. ಗೋದಲಿಯ ಮಣ್ಣಿನ ಬೊಂಬೆಗಳ ಮೇಲೆ ನೀಲಿಛಾಯೆಯ ಬಿಳಿ ಬಿದ್ದರೆ ಕೊಟ್ಟಿಗೆ ಆಸ್ಪತ್ರೆಯ ಕೋಣೆಯಂತಾಗುತ್ತದೆ. ಹೊಂಬಣ್ಣ ಬಿದ್ದರೆ ಕೊಟ್ಟಿಗೆಯಾಗಿಯೇ ಉಳಿಯುತ್ತದೆ. ಮಿಣುಕುವ ಸರ ಒಂದೇ ಇದ್ದರೆ ಚಂದ. ನಾಲ್ಕು ಸರ ನಾಲ್ಕು ತಾಳಕ್ಕೆ ಮಿಣುಕಿದರೆ ನಕ್ಷತ್ರದತ್ತ ಯಾರ ಗಮನವೂ ಹೋಗದು.

ಈ ಹೊಂಬಣ್ಣದ ಮಾತು ಅಂದಕ್ಕಷ್ಟೇ ಸೀಮಿತವಲ್ಲ. ಗುಂಡ್ಲುಪೇಟೆಯ ಬೆನ್ನಿಗೇ ಬಂಡೀಪುರವಿದೆ. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆಯ್ದ ಮೊದಲ ಕಾಡುಗಳಲ್ಲಿ ಅದೂ ಒಂದು. ಚಾಮರಾಜನಗರದ ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟ. ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ 2009ರಲ್ಲಿ ತಡೆ ಬಿತ್ತು, 2010ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ವಾಹನಗಳಡಿ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದು ಅದಕ್ಕೆ ಮುಖ್ಯ ಕಾರಣ. ಅದರ ಹಿಂದಿರುವ ತಿಳಿವಳಿಕೆ ಮಾತ್ರ ಇನ್ನೂ ವಿಶಾಲವಾದದ್ದು: ರಾತ್ರಿಯೂ ಒಂದು ವಾಸಸ್ಥಾನ. ಪತಂಗಗಳು ಕತ್ತಲಲ್ಲಿ ಹೂವಿಂದ ಹೂವಿಗೆ ಹಾರಿ ಪರಾಗ ಹೊರುತ್ತವೆ. ಹಲವು ಜಾತಿಯ ಬಾವಲಿಗಳು ಬೆಳಕಿರುವ ದಾರಿಯನ್ನೇ ಬಿಟ್ಟು ಸುತ್ತಿ ಹೋಗುತ್ತವೆ. ನೀಲಿ ಹೆಚ್ಚಿರುವ ಬಿಳಿ ಬೆಳಕು ಕೀಟಗಳನ್ನು ಹೆಚ್ಚು ಸೆಳೆಯುತ್ತದೆ, ಹೊಂಬಣ್ಣ ಕಡಿಮೆ ಸೆಳೆಯುತ್ತದೆ.

ಆದ್ದರಿಂದ ತೋಟದ ದೀಪಕ್ಕೆ ಕೆಲವು ಸರಳ ನಿಯಮಗಳು ಸಾಕು. ಎಲ್ಲ ಗಿಡಗಳಿಗೂ ಸರ ಸುತ್ತುವ ಬದಲು ಬಾಗಿಲ ಬಳಿಯ ಒಂದು ದಾಸವಾಳವನ್ನೋ ಮಲ್ಲಿಗೆ ಚಪ್ಪರವನ್ನೋ ಆರಿಸಿಕೊಳ್ಳಬೇಕು. ಹಕ್ಕಿಗಳು ಇರುಳು ತಂಗುವ ಮರವನ್ನು ಬಿಟ್ಟುಬಿಡಬೇಕು. ತೊಗಟೆಗೆ ಮೊಳೆ ಹೊಡೆಯದೆ ಹತ್ತಿಯ ದಾರದಿಂದ ಸಡಿಲವಾಗಿ ಕಟ್ಟಬೇಕು. ಆಕಾಶಕ್ಕೆ ಮುಖಮಾಡಿದ ದೀಪ ಬೇಡ, ನೆಲ ನೋಡುವ ದೀಪವಿರಲಿ. ಸಂಜೆ ಆರರಿಂದ ಹತ್ತರವರೆಗೆ ಉರಿಸಿದರೆ ದಾರಿಹೋಕರೂ ನೆರೆಯವರೂ ಕಂಡಾಯಿತು. 24ರ ರಾತ್ರಿ ಮಾತ್ರ ನಡುರಾತ್ರಿಯ ಪೂಜೆಗೆ ಹೋದವರು ಮರಳುವ ತನಕ ದೀಪ ಕಾಯಬೇಕು. ಕಾಡಂಚಿನ ಊರುಗಳಲ್ಲಿ ಬಿಸಿಲ ದೀಪ, ಎಂದರೆ ಸೋಲಾರ್ ಸರ, ಒಳ್ಳೆಯ ಉಪಾಯ. ಈ ಸೀಮೆಯ ಚಳಿಗಾಲದ ಬಿಸಿಲು ಅದಕ್ಕೆ ಸಾಲುತ್ತದೆ, ತಂತಿ ಎಳೆಯುವ ಗೊಡವೆಯೂ ಇಲ್ಲ. ತುಂಬಿಕೊಂಡದ್ದು ಮುಗಿದಾಗ ಅದು ತಾನಾಗಿಯೇ ಆರುತ್ತದೆ.

ದೀಪ ಕೊಳ್ಳುವ ಮುನ್ನ ಒಂದು ಸಂಜೆ ಬೀದಿಯ ಆಚೆ ಬದಿಗೆ ಹೋಗಿ ನಿಂತು ಮನೆಯನ್ನೊಮ್ಮೆ ನೋಡುವುದು ಒಳ್ಳೆಯದು. ನಕ್ಷತ್ರ ಎಲ್ಲಿದ್ದರೆ ತಿರುವಿನಲ್ಲಿ ಬರುವವರಿಗೂ ಕಂಡೀತು? ಮೆಟ್ಟಿಲು ಕಾಣಲು ಎಷ್ಟು ಬೆಳಕು ಬೇಕು? ಈ ಎರಡಕ್ಕೆ ಉತ್ತರ ಸಿಕ್ಕರೆ ಪಟ್ಟಿ ಅರ್ಧ ಮುಗಿದಂತೆ. ಒಂದು ನಕ್ಷತ್ರ, ಜಗಲಿಯ ಸೂರಿಗೊಂದು ಸರ, ಗೋದಲಿಗೊಂದು ಪುಟ್ಟ ದೀಪ, ಬಾಗಿಲ ಬಳಿಯ ಒಂದು ಗಿಡ, ಇಷ್ಟರಲ್ಲಿ ಹಬ್ಬ ತುಂಬಿಕೊಳ್ಳುತ್ತದೆ. ಜ್ಞಾನಿಗಳಿಗೆ ದಾರಿ ತೋರಿದ್ದು ಒಂದೇ ತಾರೆ ಎಂದು ಕಥೆ ಹೇಳುತ್ತದೆ. ಸುತ್ತ ಕತ್ತಲಿದ್ದುದರಿಂದಲೇ ಅದು ಅವರ ಕಣ್ಣಿಗೆ ಬಿತ್ತು. ಜನವರಿ 6ರ ಜ್ಞಾನಿಗಳ ಹಬ್ಬ ಕಳೆದ ಮೇಲೆ ಸರಗಳನ್ನು ಗಂಟಾಗದಂತೆ ರಟ್ಟಿಗೆ ಸುತ್ತಿ ಒಣ ಜಾಗದಲ್ಲಿಟ್ಟರೆ ಮುಂದಿನ ಡಿಸೆಂಬರಿಗೂ ಅವೇ ಬೆಳಗುತ್ತವೆ.