ಕ್ಷಮಾವಾಣಿಯ ದಿನ ಉಳಿದ ಒಂದು ಬಾಕಿ

(ಗಚ್ಚಿಬೌಲಿಯಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳ ಕ್ಷಮಾವಾಣಿ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ವೃತ್ತಿಯಿಂದ ಲೆಕ್ಕಪರಿಶೋಧಕ. ದಶಲಕ್ಷಣ ಪರ್ವ ಬರುವ ಹೊತ್ತು ನಮ್ಮ ವೃತ್ತಿಗೆ ಅತ್ಯಂತ ಒತ್ತಡದ ಕಾಲ. ತೆರಿಗೆ ಲೆಕ್ಕಪರಿಶೋಧನೆಯ ವರದಿಗಳಿಗೆ ಸೆಪ್ಟೆಂಬರ್ 30 ಗಡುವು. ಆದರೂ ಈ ಹತ್ತು ದಿನ ಸೂರ್ಯಾಸ್ತಕ್ಕೆ ಮುನ್ನ ನನ್ನ ಊಟ ಮುಗಿಯುತ್ತದೆ. ಅದಕ್ಕೆ ಕಾರಣ ನನ್ನ ಸಂಯಮವಲ್ಲ. ನನ್ನ ಪತ್ನಿ ತನ್ನ ಕಚೇರಿಯ ಕೆಲಸದ ನಡುವೆಯೇ ಸಂಜೆ ಐದೂವರೆಗೆ ಡಬ್ಬಿ ತಲುಪುವಂತೆ ನೋಡಿಕೊಳ್ಳುತ್ತಾಳೆ. ನನ್ನ ವ್ರತ ನಡೆಯುವುದು ಅವಳ ದುಡಿಮೆಯಿಂದ. ಜೀವಗಳು ಒಂದಕ್ಕೊಂದು ಉಪಕಾರಿಗಳೆಂಬ ತತ್ತ್ವಾರ್ಥಸೂತ್ರದ ಬೋಧೆಯನ್ನು ನಾನು ಅರಿತದ್ದು ಇಂಥ ಡಬ್ಬಿಗಳಿಂದಲೇ.

ಕೃತಜ್ಞತೆಯ ಬಗ್ಗೆ ಮಾತನಾಡಬೇಕೆಂದು ತಾವು ಹೇಳಿದಾಗ ಸುಲಭವೆಂದುಕೊಂಡೆ. ಬರೆಯಲು ಕುಳಿತಾಗ, ನಾನು ಮುಚ್ಚಿಟ್ಟಿದ್ದ ಒಂದು ಲೆಕ್ಕ ಎದುರಿಗೆ ಬಂದಿತು. ಅದನ್ನು ಹೇಳಲು ಅಕ್ಕನ ಒಪ್ಪಿಗೆ ಪಡೆದಿದ್ದೇನೆ.

ನಮ್ಮ ಮನೆತನ ಬೆಳಗಾವಿ ಜಿಲ್ಲೆಯದು. ಹನ್ನೆರಡು ವರ್ಷಗಳ ಹಿಂದೆ ಅಪ್ಪ ತೀರಿಕೊಂಡಾಗ ನಾಲ್ಕು ಎಕರೆ ಕಬ್ಬಿನ ಹೊಲವಿತ್ತು. ಹದಿನಾಲ್ಕನೆಯ ದಿನ, ಬಂಧುಗಳು ಇನ್ನೂ ಮನೆಯಲ್ಲಿರುವಾಗಲೇ, ಅಕ್ಕನ ಮುಂದೆ ಹಕ್ಕುಬಿಡುಗಡೆ ಪತ್ರವನ್ನಿಟ್ಟೆ. ಕರಡು ನನ್ನದೇ. ‘ಊರಲ್ಲಿ ಎಲ್ಲರೂ ಹೀಗೇ ಮಾಡುವುದು’ ಎಂದೆ. ಅಕ್ಕ ಓದಲೂ ಇಲ್ಲ. ಮರುದಿನ ಅವ್ವನೂ ಅಕ್ಕನೂ ನೋಂದಣಿ ಕಚೇರಿಗೆ ಬಂದು ಸಹಿ ಮಾಡಿದರು. ಉತಾರದಲ್ಲಿ ನನ್ನ ಹೆಸರೊಂದೇ ಉಳಿಯಿತು.

ಕಾಯಿದೆ ನನಗೆ ತಿಳಿಯದೆ ಇರಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯಿದೆ ಜೈನರಿಗೂ ಅನ್ವಯಿಸುತ್ತದೆ. 2005ರ ತಿದ್ದುಪಡಿಯು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಜನ್ಮಸಿದ್ಧ ಹಕ್ಕನ್ನು ಕೊಟ್ಟಿತು. ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಕಕ್ಷಿದಾರರಿಗೆ ಇದನ್ನೆಲ್ಲ ವಿವರಿಸಿ ಶುಲ್ಕ ಪಡೆಯುವ ನಾನು ಒಡಹುಟ್ಟಿದವಳಿಗೆ ಒಂದು ಮಾತು ಹೇಳಲಿಲ್ಲ.

ಅನಂತರ ಅವ್ವ ಹಾಸಿಗೆ ಹಿಡಿದಳು. ಕೊನೆಯ ಆರು ವರ್ಷ ಆಕೆ ಇದ್ದದ್ದು ಅಕ್ಕನ ಮನೆಯಲ್ಲಿ. ಔಷಧಕ್ಕೆ ನಾನು ಹಣ ಕಳುಹಿಸಿದೆ; ಅದರ ರಸೀದಿಗಳು ನನ್ನಲ್ಲಿವೆ. ಅಕ್ಕ ಎದ್ದ ರಾತ್ರಿಗಳಿಗೆ, ಒಗೆದ ಬಟ್ಟೆಗಳಿಗೆ, ಸೋಸಿ ಕಾಯಿಸಿ ಕುಡಿಸಿದ ನೀರಿಗೆ ರಸೀದಿಯಿಲ್ಲ. ಕಳೆದ ಚೈತ್ರದಲ್ಲಿ ಅವ್ವ ಹೋದಳು.

ಕಳೆದ ವಾರ ‘ಉತ್ತಮ ಆರ್ಜವ’ದ ದಿನದ ಪೂಜೆ ಮುಗಿಸಿ ಅಕ್ಕನಿಗೆ ಫೋನ್ ಮಾಡಿದೆ. ಪ್ರತಿವರ್ಷ ಎಲ್ಲರಿಗೂ ಕಳುಹಿಸುವ ಕ್ಷಮಾವಾಣಿಯ ಸಂದೇಶವನ್ನೇ ಅವಳಿಗೂ ಕಳುಹಿಸಲು ಈ ಸಲ ಮನಸ್ಸು ಬರಲಿಲ್ಲ. ಏನು ತಪ್ಪು ಮಾಡಿದೆನೆಂಬುದನ್ನು ಹೆಸರಿಟ್ಟು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವತ್ತ ಕೇಳಿದ್ರ ನಾನಽ ಬ್ಯಾಡ ಅಂತಿದ್ನೋ ಏನೋ. ನೀ ಕೇಳಲಿಲ್ಲೋ ತಮ್ಮಾ, ಸಹಿ ಮಾಡು ಅಂದಿ’ ಎಂದಳು.

ಅರ್ಧ ಹೊಲವನ್ನು ದಾನಪತ್ರದ ಮೂಲಕ ಅವಳ ಹೆಸರಿಗೆ ಮಾಡಿಸುವುದಾಗಿ ಹೇಳಿದೆ. ಬೇಡವೆನ್ನುತ್ತಾಳೆಂದು ನಾನು ಒಳಗೊಳಗೇ ನಿರೀಕ್ಷಿಸಿದ್ದೆ. ಅದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ‘ಬ್ಯಾಡ ಅನ್ನೂದಿಲ್ಲ. ತಗೋತೀನಿ’ ಎಂದಳು. ಅವಳ ಮೇಲೆ ನನಗಿದ್ದ ಗೌರವ ಅಂದು ಇಮ್ಮಡಿಯಾಯಿತು.

ಬಂಧುಗಳೇ, ನಾವಿರುವ ಈ ತೆಲಂಗಾಣದ ಕುರಿಕ್ಯಾಲದ ಬಳಿಯ ಬೊಮ್ಮಲಗುಟ್ಟದಲ್ಲಿ ಆದಿಕವಿ ಪಂಪನ ತಮ್ಮ ಜಿನವಲ್ಲಭನು ಹಾಕಿಸಿದ ಹತ್ತನೆಯ ಶತಮಾನದ ಶಾಸನವಿದೆ. ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳಲ್ಲಿರುವ ಆ ಶಾಸನದಲ್ಲಿ ತಮ್ಮನು ಅಣ್ಣನ ಕೀರ್ತಿಯನ್ನು ಬಂಡೆಯ ಮೇಲೆ ಬರೆಯಿಸಿದ್ದಾನೆ. ನಾನೂ ಒಬ್ಬ ತಮ್ಮ; ಅಕ್ಕನ ಹೆಸರನ್ನು ಕಾಗದದಿಂದ ಅಳಿಸಿದವನು.

ಅತ್ತಿಮಬ್ಬೆಯನ್ನು ‘ದಾನಚಿಂತಾಮಣಿ’ ಎಂದು ಕೊಂಡಾಡುತ್ತೇವೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದವಳು ಆಕೆ. ಲಕ್ಕುಂಡಿಯ ಬ್ರಹ್ಮ ಜಿನಾಲಯ ಆಕೆ ಕಟ್ಟಿಸಿದ್ದು. ಆಕೆಯ ಕೈಯಲ್ಲಿ ಸಂಪತ್ತಿದ್ದುದರಿಂದ ಇದು ಸಾಧ್ಯವಾಯಿತು. ನಮ್ಮ ಹೆಣ್ಣುಮಕ್ಕಳ ಕೈ ಬರಿದು ಮಾಡಿ, ಅದನ್ನು ಅವರ ತ್ಯಾಗವೆಂದು ಹೊಗಳುವುದು ಯಾವ ಧರ್ಮ? ತ್ಯಾಗವು ಸ್ವಂತ ಇಚ್ಛೆಯಿಂದ ಆಗಬೇಕು. ಕೇಳದೆ ಪಡೆದದ್ದನ್ನು ಅಚೌರ್ಯ ವ್ರತದ ಮುಂದಿಟ್ಟು ನೋಡಿದರೆ ಅದರ ಹೆಸರು ಬೇರೆಯೇ ಆಗುತ್ತದೆ.

ವ್ಯವಹಾರದ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಒಡಹುಟ್ಟಿದವರು ಕೊಡುವ ದಾನದ ಮೇಲೆ ಪಡೆದವರಿಗೆ ಆದಾಯ ತೆರಿಗೆ ಇಲ್ಲ. ಮುದ್ರಾಂಕ ಶುಲ್ಕ, ನೋಂದಣಿ ಖರ್ಚು ಇರುತ್ತದೆ. ಅದನ್ನು ಸಹೋದರರೇ ಭರಿಸಲಿ. ಇನ್ನೂ ಪಾಲಾಗದ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಹಕ್ಕನ್ನು ಮೊದಲು ತಿಳಿಸಿ, ಕಾಗದವನ್ನು ಆಮೇಲೆ ತನ್ನಿ. ಸೂತಕದ ದಿನಗಳಲ್ಲಂತೂ ಯಾರಿಂದಲೂ ಸಹಿ ಕೇಳಬೇಡಿ.

ದೀಪಾವಳಿಗೆ ಊರಿಗೆ ಹೊರಟಿದ್ದೇವೆ. ದಾನಪತ್ರದ ಕರಡನ್ನು ಈ ಸಲ ಅಕ್ಕನಿಗೆ ಮೊದಲೇ ಕಳುಹಿಸಿದ್ದೇನೆ, ಓದಿ ತಿದ್ದಲೆಂದು. ಎರಡು ಕಡೆ ತಿದ್ದಿದ್ದಾಳೆ.

ನನ್ನಿಂದ ತಮ್ಮಲ್ಲಿ ಯಾರಿಗಾದರೂ ಮನ, ವಚನ, ಕಾಯಗಳಿಂದ ನೋವಾಗಿದ್ದರೆ ಕ್ಷಮಿಸಿ. ಉತ್ತಮ ಕ್ಷಮಾ. ಜೈ ಜಿನೇಂದ್ರ.