ಒಂಬತ್ತು ದಿನಗಳ ಅಂತರದ ಎರಡು ಪತ್ರಗಳು

ದಾದಾ ಚಳವಳಿಯ ಕತೆ ನಿಮಗೆ ಗೊತ್ತಿರುವಂಥದ್ದೇ. 1916ರಲ್ಲಿ ಝೂರಿಕ್‌ನಲ್ಲಿ ಅದರ ತವರಾದ ಕ್ಯಾಬರೆ ವೋಲ್ತೇರ್ ಶುರುವಾಯಿತು. 1920ರ ಜನವರಿಯಲ್ಲಿ ಅದರ ಮುಂದಾಳು ತ್ರಿಸ್ತಾನ್ ಝಾರಾ ಪ್ಯಾರಿಸ್ಸಿಗೆ ಬಂದ. 1924ರಲ್ಲಿ ಕವಿ ಆಂದ್ರೆ ಬ್ರೆಟನ್ ಸರ್ರಿಯಲಿಸಂನ ಪ್ರಣಾಳಿಕೆ ಹೊರತಂದ. ಇವತ್ತು ನಾನು ಹಿಡಿದುಕೊಂಡಿರುವುದು ಒಂದೇ ತಕರಾರನ್ನು: ಸರ್ರಿಯಲಿಸಂ ದಾದಾದ ಕೂಸೇ, ಅಲ್ಲವೇ? ಹೌದು, ಅದು ದಾದಾದ ಫ್ರೆಂಚ್ ರೂಪವೇ ಎಂದವರು ದಾದಾದ ಇತಿಹಾಸಕಾರ ಮಿಶೆಲ್ ಸಾನುಯೆ. ಬ್ರೆಟನ್‌ನ ಆರಂಭದ ಬರವಣಿಗೆಯನ್ನು ಜಾಲಾಡಿದ ಮಾರ್ಗರಿತ್ ಬೊನೆ ಇದನ್ನು ಒಪ್ಪಲಿಲ್ಲ. ಅವರ ಆಧಾರ ಇದು: ಬ್ರೆಟನ್ ಮತ್ತು ಫಿಲಿಪ್ ಸೂಪೋ ಸೇರಿ, ಬುದ್ಧಿಯ ಲಗಾಮನ್ನು ಸಡಿಲಿಸಿ ‘ಕಾಂತಕ್ಷೇತ್ರಗಳು’ ಕೃತಿಯನ್ನು ಬರೆದದ್ದು 1919ರಲ್ಲಿ. ಆಗ ಝಾರಾ ಪ್ಯಾರಿಸ್ಸಿಗೆ ಕಾಲಿಟ್ಟಿರಲೇ ಇಲ್ಲ.

ಸಾನುಯೆ, ಬೊನೆ ಇಬ್ಬರ ವಾದದಲ್ಲೂ ಸತ್ಯವಿದೆ. ಆದರೆ ಚಳವಳಿಗಳ ಚರ್ಚೆ ಬಂದಾಗಲೆಲ್ಲ ನಾವು ಪ್ರಣಾಳಿಕೆಗಳಿಗೆ, ಮುನ್ನುಡಿಗಳಿಗೆ ಮೊದಲ ಮಣೆ ಹಾಕುತ್ತೇವೆ. ನಮ್ಮ ನವ್ಯದ ಚರ್ಚೆಯಲ್ಲೂ ಹಾಗೇ ಆಗಿದೆ. ಪತ್ರಗಳನ್ನು ತಾರೀಖಿನ ಸಮೇತ ಓದಿದರೆ ಬ್ರೆಟನ್ ಮತ್ತು ಝಾರಾರ ನಡುವೆ ಮೂರನೆಯ ವ್ಯಕ್ತಿಯೊಬ್ಬ ಕಾಣುತ್ತಾನೆ. ಅವನು ಜಾಕ್ ವಾಷೆ. ಯುದ್ಧದಲ್ಲಿ ಗಾಯಗೊಂಡು ನಾಂತ್‌ನ ಆಸ್ಪತ್ರೆ ಸೇರಿದ್ದ ಈ ಸೈನಿಕನನ್ನು ಬ್ರೆಟನ್ ಅಲ್ಲಿ ವೈದ್ಯಕೀಯ ಸಹಾಯಕನಾಗಿದ್ದಾಗ, 1916ರಲ್ಲಿ ಕಂಡ. ಕಲೆಯನ್ನೇ ಲೆಕ್ಕಕ್ಕಿಡದ ವಾಷೆಯ ಪತ್ರಗಳು ಬ್ರೆಟನ್‌ನನ್ನು ಪೂರ್ತಿ ಆವರಿಸಿಕೊಂಡವು. 1919ರ ಜನವರಿ 6ರಂದು ವಾಷೆ ನಾಂತ್‌ನ ಹೋಟೆಲೊಂದರಲ್ಲಿ ಅತಿಯಾದ ಅಫೀಮಿನಿಂದ ಸತ್ತ. ಇದು ತಿಳಿಯದ ಬ್ರೆಟನ್ 13ರಂದು ಅಚ್ಚಾದ ಕಾಗದದ ಚೂರುಗಳನ್ನು ಕತ್ತರಿಸಿ ಅಂಟಿಸಿ ಅವನಿಗೊಂದು ಪತ್ರ ಕಟ್ಟಿದ. ಸುದ್ದಿ ತಿಳಿದ ಮೇಲೆ, 22ರಂದು, ಮುಖವನ್ನೇ ಕಾಣದ ಝಾರಾನಿಗೆ ಮೊದಲ ಪತ್ರ ಬರೆದ. ‘ದಾದಾ’ ಪತ್ರಿಕೆಯ ಮೂರನೇ ಸಂಚಿಕೆಯಲ್ಲಿನ ಝಾರಾನ ಪ್ರಣಾಳಿಕೆಯನ್ನು ಮೆಚ್ಚಿಕೊಂಡ ಆ ಪತ್ರದಲ್ಲೇ ಗೆಳೆಯನ ಸಾವಿನ ದುಃಖವನ್ನೂ ತೋಡಿಕೊಂಡ. ನನ್ನ ವಾದ ಇಷ್ಟೇ: ಬ್ರೆಟನ್ ಝೂರಿಕ್‌ನಲ್ಲಿ ಹುಡುಕಿದ್ದು ವಾಷೆಯ ಜಾಗ ತುಂಬುವವನನ್ನು. ದಾದಾ ಪ್ಯಾರಿಸ್ಸಿಗೆ ಬಂದದ್ದು ಝಾರಾ ಬರುವುದಕ್ಕೆ ಒಂದು ವರ್ಷ ಮೊದಲೇ, ಅಂಚೆಯಲ್ಲಿ. ಬಂದು ಸೇರಿದ್ದು ಶೋಕದ ಮನೆಗೆ.

ಇದಕ್ಕೆ ಆಕ್ಷೇಪವಿದೆ. ಅಪರಿಚಿತ ಲೇಖಕನಿಗೆ ಬರೆಯುವ ಯುವಕ ಭಾವನೆಯನ್ನು ಉಬ್ಬಿಸುವುದು ಸಹಜ. ಆ ಮಾತನ್ನು ಸಾಕ್ಷ್ಯವೆಂದು ನಂಬುವುದು ಹೇಗೆ? ನ್ಯಾಯವಾದ ಪ್ರಶ್ನೆ. ಆದರೆ ನಾನು ಆ ಪತ್ರದ ಮಾತೊಂದನ್ನೇ ನೆಚ್ಚಿಲ್ಲ. ಅದೇ ವರ್ಷ ವಾಷೆಯ ಯುದ್ಧಕಾಲದ ಪತ್ರಗಳು ಬ್ರೆಟನ್‌ನ ಮುನ್ನುಡಿಯೊಂದಿಗೆ ಪುಸ್ತಕವಾದವು. ಮರುವರ್ಷ ಅಚ್ಚಾದ ‘ಕಾಂತಕ್ಷೇತ್ರಗಳು’ ಅರ್ಪಣೆಯಾದದ್ದೂ ವಾಷೆಯ ನೆನಪಿಗೇ. ಬೊನೆ ಸ್ವತಂತ್ರವೆಂದು ಎತ್ತಿ ತೋರಿಸುವ ಕೃತಿಯ ಅರ್ಪಣೆಯಲ್ಲೇ ಅವನಿದ್ದಾನೆ. ಸಾನುಯೆ ಬೆನ್ನುಹತ್ತಿದ ದಾದಾ ಪತ್ರವ್ಯವಹಾರದ ಆರಂಭದಲ್ಲೂ ಅವನಿದ್ದಾನೆ.

ಹಾಗಾದರೆ 1922ರಲ್ಲಿ ತಾನು ಸಂಘಟಿಸುತ್ತಿದ್ದ ಪ್ಯಾರಿಸ್ ಸಮ್ಮೇಳನದ ನೆಪದಲ್ಲಿ ಬ್ರೆಟನ್ ಝಾರಾನನ್ನು ಝೂರಿಕ್‌ನಿಂದ ಬಂದವನೆಂದು ಬಹಿರಂಗವಾಗಿ ಹೀಗಳೆದದ್ದು ಬರೀ ತಾತ್ವಿಕ ಭಿನ್ನಮತವೇ? ಪತ್ರದಲ್ಲಿ ಕಲ್ಪಿಸಿಕೊಂಡ ಗೆಳೆಯ ಎದುರು ಬಂದು ನಿಂತಾಗ ಬೇರೆಯವನಾಗಿ ಕಂಡನೇ? ಶೋಕಕ್ಕೆ ಇಷ್ಟು ಭಾರ ಹೊರಿಸಿದರೆ ಝಾರಾನ ಸ್ವಂತ ಪ್ರತಿಭೆಗೆ ನಾನೇ ಅನ್ಯಾಯ ಮಾಡುತ್ತೇನೆಯೇ? ಮೊದಲೆರಡಕ್ಕೆ ನನ್ನ ಮನಸ್ಸು ಒಂದು ಕಡೆ ವಾಲುತ್ತದೆ. ಮೂರನೆಯದು ಅದನ್ನು ಅಲ್ಲಿ ನಿಲ್ಲಗೊಡುವುದಿಲ್ಲ.